ಚೆಂಡಿಗೂ ಕ್ಲಬ್ಬಿಗೂ ನಡುವೆ ಒಂದು ಹನಿ

ಜಹೀರಾಬಾದ್, ನಾರಾಯಣಖೇಡ, ತಾಂಡೂರು. ಈ ಮೂರೂ ಊರುಗಳ ಮೇಲೆ ಬೀಳುವುದು ಒಂದೇ ಮುಂಗಾರು ಮಳೆ. ಬಿದ್ದ ಮೇಲೆ ಅದರ ನಡೆ ಮಾತ್ರ ಮೂರು ಕಡೆ ಮೂರು ಬಗೆ. ಜಹೀರಾಬಾದಿನ ಸುತ್ತಲಿನ ಕೆಂಪು ಮುರುಮಿನ ನೆಲ ಬೀದರಿನ ಜಂಬಿಟ್ಟಿಗೆ ಪ್ರಸ್ಥಭೂಮಿಗೆ ಸೇರಿದ್ದು. ಅಲ್ಲಿ ಬಿದ್ದ ನೀರು ಸೋಸಿ ಕೆಳಗಿಳಿಯುತ್ತದೆ. ಬಹಮನಿ ಕಾಲದಲ್ಲಿ ಬೀದರಿನ ನೌಬಾದಿನ ಬಳಿ ಕರೇಜ್ ತೋಡಿದವರು ಹಾಗೆ ಇಳಿದ ನೀರನ್ನೇ ನೆಲದಡಿಯ ಕಾಲುವೆಯಲ್ಲಿ ಹಿಡಿದರು. ಮಂಜೀರಾ ದಂಡೆಯ ಕಡೆ, ನಾರಾಯಣಖೇಡದ ಎರೆ ಹೊಲಕ್ಕೆ ಬಂದರೆ ನೀರು ಇಳಿಯುವುದಿಲ್ಲ, ನಿಲ್ಲುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಟ್ಟಿದ್ದ ಮಣ್ಣು ನಾಲ್ಕು ದಿನದ ಮಳೆಗೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಹೊಲಕ್ಕೆ ಇಳಿದವನ ಚಪ್ಪಲಿಗೆ ಸೇರುಗಟ್ಟಲೆ ಕೆಸರು ಮೆತ್ತುತ್ತದೆ. ತಾಂಡೂರಿನಲ್ಲಿ ತೊಗರಿ ಬೆಳೆಯುವ ಕರಿಮಣ್ಣಿನ ಕೆಳಗೇ ಸುಣ್ಣಕಲ್ಲಿನ ಹಾಸು. ಅದೇ ಕಲ್ಲನ್ನು ಸೀಳಿ, ಫರಸಿ ಮಾಡಿ, ನಮ್ಮ ಪಡಸಾಲೆಗಳಿಗೆಲ್ಲ ಹಾಸಿದ್ದೇವೆ. ನೀರು ಚೆಲ್ಲಿದ ಆ ಫರಸಿಯ ಮೇಲೆ ಕಾಲು ಜಾರದವರು ನಮ್ಮ ಕಡೆ ಇಲ್ಲ.

1956ರ ರಾಜ್ಯ ಪುನರ್‌ವಿಂಗಡಣೆಗೆ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಈಗ ಮೊದಲ ಎರಡು ಸಂಗಾರೆಡ್ಡಿಗೆ, ಮೂರನೆಯದು ವಿಕಾರಾಬಾದಿಗೆ ಸೇರಿವೆ. ಗಡಿ ಬದಲಾದರೂ ಮನೆಮಾತಾಗಿ ಕನ್ನಡ ಇಲ್ಲಿ ಉಳಿದುಕೊಂಡಿದೆ. ಮಣ್ಣಿನ ಗುಣವಂತೂ ಬದಲಾಗುವ ಮಾತೇ ಇಲ್ಲ. ಈ ಮೂರು ಮಣ್ಣಿನ ಪಾಠವನ್ನು ಗಾಲ್ಫ್ ಎಂಬ ಆಟಕ್ಕೆ ಹಚ್ಚಿ ನೋಡಬೇಕೆಂದು ಬಹಳ ದಿನದಿಂದ ಅನ್ನಿಸಿತ್ತು. ಗಾಲ್ಫ್ ನಮ್ಮದಲ್ಲ, ದೊಡ್ಡವರದು ಎಂಬ ಭಾವನೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಇಲ್ಲಿಯವರು ಆ ಆಟವನ್ನು ಕಣ್ಣಾರೆ ನೋಡಬೇಕೆಂದರೆ ಸುಮಾರು 100 ಕಿಲೋಮೀಟರ್ ದೂರದ ಹೈದರಾಬಾದಿನ ದಾರಿ ಹಿಡಿಯಬೇಕು. ಗೋಲ್ಕೊಂಡದ ನಯಾ ಕಿಲಾದ ಗೋಡೆಗಳ ಆಸುಪಾಸಿನಲ್ಲಿ ಒಂದು ಗಾಲ್ಫ್ ಅಂಗಳವಿದೆ. ಆದರೆ ಮಳೆಗಾಲದಲ್ಲಿ ಈ ಆಟಕ್ಕೆ ಏನಾಗುತ್ತದೆ ಎಂಬುದರಲ್ಲಿ ಅರ್ಧ ಭಾಗ ನಮ್ಮ ರೈತನಿಗೆ ಆಗಲೇ ಗೊತ್ತಿರುವ ವಿಷಯ. ಉಳಿದರ್ಧ ಕ್ಲಬ್ಬಿನ ಕಬ್ಬಿಣಕ್ಕೂ ಚೆಂಡಿಗೂ ಸಂಬಂಧಪಟ್ಟದ್ದು. ಅದನ್ನು ಮೊದಲು ನೋಡೋಣ.

ಗಾಲ್ಫ್ ಚೆಂಡಿನ ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು, ಅದರ ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಈ ಸಣ್ಣ ಚೆಂಡಿಗೆ ಕ್ಲಬ್ಬಿನ ಮುಖ ತಾಗಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಚೆಂಡು ಎಷ್ಟು ಎತ್ತರ ಏರಬೇಕು, ಎಷ್ಟು ತಿರುಗಬೇಕು, ಬಿದ್ದಲ್ಲಿ ನಿಲ್ಲಬೇಕೋ ಮುಂದೆ ಓಡಬೇಕೋ, ಎಲ್ಲ ತೀರ್ಮಾನವಾಗುವುದು ಆ ಕ್ಷಣದಲ್ಲೇ. ಕ್ಲಬ್ಬಿನ ಮುಖ ಹಿಂದಕ್ಕೆ ಬಾಗಿರುತ್ತದೆ. ಬಡಿದಾಗ ಚೆಂಡು ಆ ಇಳಿಜಾರಿನ ಮೇಲೆ ಚಪ್ಪಟೆಯಾಗಿ ಅಂಟಿಕೊಂಡು, ಮೇಲಕ್ಕೆ ಉರುಳುತ್ತ ಹಿಮ್ಮುಖ ತಿರುಗುವಿಕೆ ಪಡೆಯುತ್ತದೆ. ಆಟಗಾರರು ಇದನ್ನು ಬ್ಯಾಕ್‌ಸ್ಪಿನ್ ಅನ್ನುತ್ತಾರೆ. ಒಣ ಹವೆಯಲ್ಲಿ ಒಳ್ಳೆಯ ಆಟಗಾರನೊಬ್ಬ ವೆಜ್ ಎಂಬ ಗಿಡ್ಡ ಕ್ಲಬ್ಬಿನಿಂದ ಹೊಡೆದ ಚೆಂಡು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಹೋಲ್ ಎಂಬ ಗುರಿಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಬಿದ್ದ ಚೆಂಡು ಒಂದೆರಡು ಪುಟ ನೆಗೆದು ಗಕ್ಕನೆ ನಿಲ್ಲುವುದು, ಕೆಲವೊಮ್ಮೆ ಹಿಂದಕ್ಕೇ ಸರಿಯುವುದು ಈ ತಿರುಗುವಿಕೆಯಿಂದ.

ಇದೆಲ್ಲ ನಿಂತಿರುವುದು ಘರ್ಷಣೆಯ ಮೇಲೆ. ಚೆಂಡಿಗೂ ಮುಖಕ್ಕೂ ನಡುವೆ ತೆಳುವಾದ ನೀರಿನ ಪೊರೆ ಬಂದರೆ ಅಂಟು ಕಳಚಿಹೋಗುತ್ತದೆ. ಮೇಲಕ್ಕೆ ಉರುಳಬೇಕಾದ ಚೆಂಡು ಜಾರುತ್ತದೆ. ಜಾರಿದ್ದರಿಂದ ಎರಡು ಪರಿಣಾಮ: ಚೆಂಡು ಅಂದಾಜಿಗಿಂತ ಎತ್ತರಕ್ಕೆ ಏಳುತ್ತದೆ ಮತ್ತು ಅದರ ತಿರುಗುವಿಕೆ ಬಿದ್ದುಹೋಗುತ್ತದೆ. ವೆಜ್ ಹೊಡೆತದಲ್ಲಿ ತಿರುಗುವಿಕೆ ಅರ್ಧಕ್ಕೂ ಇಳಿಯಬಹುದು, ಇನ್ನೂ ಕೆಳಗೆ ಹೋಗುವುದೂ ಉಂಟು. ನೋಡುವವರಿಗೆ ಹೊಡೆತ ಚೆನ್ನಾಗಿಯೇ ಕಾಣುತ್ತದೆ. ಚೆಂಡು ಗ್ರೀನ್ ಮುಟ್ಟಿದ ಮೇಲೆ ಗೊತ್ತಾಗುತ್ತದೆ, ಅದಕ್ಕೆ ಹಿಡಿತವೇ ಇಲ್ಲವೆಂದು.

ಕ್ಲಬ್ಬಿನ ಮುಖದ ಮೇಲೆ ಅಡ್ಡಡ್ಡ ಕೊರೆದಿರುವ ಗೆರೆಗಳನ್ನು ನೀವು ಟಿವಿಯಲ್ಲಿ ನೋಡಿರಬಹುದು. ಚೆಂಡನ್ನು ಕಚ್ಚಿ ಹಿಡಿದು ತಿರುಗಿಸಲಿಕ್ಕೆ ಆ ಗೆರೆ ಇದೆ ಎಂದು ಆಡುವವರಲ್ಲೂ ಬಹಳ ಜನ ನಂಬಿದ್ದಾರೆ. ಒಣ ನೆಲದ ಮೇಲೆ, ಹುಲ್ಲು ಅಡ್ಡ ಬರದ ಹೊಡೆತದಲ್ಲಿ, ಗೆರೆ ಸವೆದ ಕ್ಲಬ್ಬೂ ಹೆಚ್ಚುಕಡಿಮೆ ಹೊಸದರಷ್ಟೇ ತಿರುಗುವಿಕೆ ಕೊಡುತ್ತದೆ. ಗೆರೆಯ ನಿಜವಾದ ಕೆಲಸ ನೀರಿಗೂ ಹುಲ್ಲಿನ ರಸಕ್ಕೂ ಹೊರಹೋಗಲು ದಾರಿ ಕೊಡುವುದು. 65ನೇ ಹೆದ್ದಾರಿಯಲ್ಲಿ ಮಳೆಗೆ ಸಿಕ್ಕ ಬೈಕಿನ ಟಯರಿನ ಕೊರೆತ ಮಾಡುವ ಕೆಲಸವೂ ಇದೇ. ಕೊರೆತ ಸವೆದ ಟಯರು ಬಿಸಿಲಿನಲ್ಲಿ ಓಡಾಡಿಕೊಂಡಿದ್ದು, ಮೊದಲ ಮಳೆಗೇ ಹಿಂಬದಿ ಜಾರಿಸಿ ಕೆಡವುತ್ತದೆ. ಆದ್ದರಿಂದ ಹಳೆಯ ವೆಜ್ ಒಂದನ್ನು ಇನ್ನೂ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ನಿರ್ಧರಿಸುವವರು ಅದನ್ನು ಪರೀಕ್ಷಿಸಬೇಕಾದದ್ದು ಒದ್ದೆ ಮುಂಜಾವಿನಲ್ಲಿ.

ಈ ಗೆರೆಗಳ ಮೇಲೆ ದೊಡ್ಡ ಜಗಳವೇ ನಡೆದಿದೆ. ಚೌಕಾಕಾರದ ಆಳವಾದ ಗೆರೆ, ಚೂಪಾದ ಅಂಚು ಇದ್ದ ಕ್ಲಬ್ಬುಗಳು ಉದ್ದ ಹುಲ್ಲಿನಿಂದಲೂ ಚೆಂಡನ್ನು ಹಿಡಿತದಲ್ಲಿಟ್ಟು ಹಾರಿಸುತ್ತಿದ್ದವು. ದಾರಿ ತಪ್ಪಿ ರಫ್ ಎಂಬ ಆ ಉದ್ದ ಹುಲ್ಲಿಗೆ ಹೊಡೆದವನಿಗೆ ಸಿಗಬೇಕಾದ ಶಿಕ್ಷೆ ಸಿಗುತ್ತಿಲ್ಲವೆಂದು ನಿಯಮ ಮಾಡುವ ಎರಡು ಸಂಸ್ಥೆಗಳು, ಬ್ರಿಟನ್ನಿನ ಆರ್ ಅಂಡ್ ಎ ಹಾಗೂ ಅಮೆರಿಕದ ಯುಎಸ್‌ಜಿಎ, 2010ರಿಂದ ಗೆರೆಯ ಗಾತ್ರಕ್ಕೂ ಅಂಚಿನ ಚೂಪಿಗೂ ಮಿತಿ ಹಾಕಿದವು. 25 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚು ಬಾಗಿದ ಕ್ಲಬ್ಬುಗಳಿಗೆ ಈ ನಿಯಮ. ಆ ತೀರ್ಮಾನ ಸರಿಯಾದದ್ದೇ ಎಂದು ನನ್ನ ಎಣಿಕೆ. ಮಳೆಯಲ್ಲಿ ಆಟಗಾರನ ಕೈಚಳಕಕ್ಕೆ ಬೆಲೆ ಉಳಿಯಬೇಕಾದರೆ ಎಲ್ಲವನ್ನೂ ಕಾರ್ಖಾನೆಯೇ ಮಾಡಿಕೊಡಬಾರದು.

ಕ್ಲಬ್ಬಿನಿಂದ ಕ್ಲಬ್ಬಿಗೆ ಮಳೆಯ ಪರಿಣಾಮ ಬೇರೆ ಬೇರೆ. ದೂರದ ಮೊದಲ ಹೊಡೆತಕ್ಕೆ ಬಳಸುವ ಡ್ರೈವರಿನ ಮುಖ ಹೆಚ್ಚು ಬಾಗಿರುವುದಿಲ್ಲ. ಚೆಂಡು ಅಲ್ಲಿ ಉರುಳುವುದಕ್ಕಿಂತ ನೇರ ಪೆಟ್ಟು ತಿನ್ನುವುದೇ ಹೆಚ್ಚು. ಟೀ ಎಂಬ ಪುಟ್ಟ ಗೂಟದ ಮೇಲೆ ಇಟ್ಟ ಚೆಂಡನ್ನು ಒಣಗಿಸಿ, ಮುಖವನ್ನೂ ಒರೆಸಿ ಹೊಡೆದರೆ ನಷ್ಟ ಅಷ್ಟಾಗಿ ಇಲ್ಲ. ನಡುವಿನ ಐರನ್‌ಗಳಲ್ಲಿ ಬೇರೆಯದೇ ತೊಂದರೆ. ಒದ್ದೆ ಹುಲ್ಲಿನಲ್ಲಿ ಕೂತ ಚೆಂಡಿಗೆ ಏಳನೇ ನಂಬರಿನ ಐರನ್ ಬೀಸಿದರೆ ತಿರುಗುವಿಕೆ ತಗ್ಗಿ, ಚೆಂಡು ಎಂದಿಗಿಂತ ದೂರ ಹೋಗಿ ಗ್ರೀನ್ ದಾಟಿ ಓಡಿಬಿಡುತ್ತದೆ. ಆಟಗಾರರು ಇದಕ್ಕೆ ಫ್ಲೈಯರ್ ಅನ್ನುತ್ತಾರೆ. ಮಳೆಯಲ್ಲಿ ಚೆಂಡು ಯಾವಾಗಲೂ ಕಡಿಮೆ ದೂರ ಹೋಗುತ್ತದೆ ಎಂದುಕೊಂಡವರು ಇಲ್ಲಿ ಏಟು ತಿನ್ನುತ್ತಾರೆ. ಹುಲ್ಲು ಗಿಡ್ಡವಾಗಿ ಕತ್ತರಿಸಿದ ಫೇರ್‌ವೇ ಮೇಲಿಂದ ಒಂದು ಲೆಕ್ಕ, ರಫ್ ಒಳಗಿಂದ ಇನ್ನೊಂದು ಲೆಕ್ಕ.

ಗಾಳಿಯ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಮಳೆಗಾಲದ ಗಾಳಿ ಭಾರ, ಅದಕ್ಕೇ ಚೆಂಡು ಹಾರುವುದಿಲ್ಲ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನೀರಿನ ಅಣುವಿನ ತೂಕ 18, ಗಾಳಿಯ ಸರಾಸರಿ ಸುಮಾರು 29. ಹಾಗಾಗಿ ತೇವ ತುಂಬಿದ ಗಾಳಿ ಒಣ ಗಾಳಿಗಿಂತ ಹಗುರ. ಆ ವ್ಯತ್ಯಾಸ ಚೆಂಡಿನ ದೂರದಲ್ಲಿ ಒಂದು ಗಜದ ಆಸುಪಾಸು ಅಷ್ಟೆ. ಮಳೆಯ ದಿನ ಚೆಂಡು ಹಾರದಿರುವುದಕ್ಕೆ ತಂಪು ಕಾರಣ. ತಂಪಾದ ಗಾಳಿ ದಟ್ಟವಾಗಿರುತ್ತದೆ, ತಂಪಾದ ಚೆಂಡು ಕಡಿಮೆ ಪುಟಿಯುತ್ತದೆ. ಜೊತೆಗೆ ಮೈಮೇಲೆ ಮಳೆಯ ಅಂಗಿ, ಜಾರುವ ಹಿಡಿ, ಅಳುಕಿನ ಬೀಸು. ನಷ್ಟದ ಬಹುಪಾಲು ಆಟಗಾರನಲ್ಲೇ ಇದೆ.

ಈ ಆಟದ ಚರಿತ್ರೆಯನ್ನು ನೀರಿನ ಜೊತೆಗಿನ ಹೋರಾಟವಾಗಿಯೇ ಬರೆಯಬಹುದು. ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಸ್ಕಾಟ್ಲೆಂಡಿನಲ್ಲಿ ಆಡುತ್ತಿದ್ದದ್ದು ಗರಿಯ ಚೆಂಡಿನಲ್ಲಿ. ಚರ್ಮದ ಪುಟ್ಟ ಚೀಲ ಹೊಲಿದು, ಬೇಯಿಸಿದ ಹಕ್ಕಿಯ ಗರಿಗಳನ್ನು ಒತ್ತಿ ಒತ್ತಿ ತುಂಬಿ, ಬಾಯಿ ಹೊಲಿಯುತ್ತಿದ್ದರು. ನುರಿತ ಕೈಗೂ ದಿನಕ್ಕೆ ಮೂರು ನಾಲ್ಕು ಚೆಂಡು ಮಾಡುವುದೇ ಹೆಚ್ಚು. ಅದರಿಂದ ಬೆಲೆಯೂ ದುಬಾರಿ. ಮಳೆ ಬಂತೆಂದರೆ ಚರ್ಮ ನೀರು ಕುಡಿದು ಚೆಂಡು ಭಾರವಾಗುತ್ತಿತ್ತು, ಹೊಲಿಗೆ ಬಿಚ್ಚಿ ಗರಿ ಹೊರಗೆ ಬರುತ್ತಿತ್ತು. 1848ರ ಸುಮಾರಿಗೆ ಮಲಯದ ಕಾಡುಮರದ ಅಂಟಿನಿಂದ ಮಾಡಿದ ಗಟ್ಟಾ ಪರ್ಚಾ ಚೆಂಡು ಬಂತು. ಅದು ನೀರಿಗೆ ಜಗ್ಗಲಿಲ್ಲ, ಅಗ್ಗವೂ ಆಗಿತ್ತು. ಸಾಮಾನ್ಯ ಜನ ಗಾಲ್ಫ್ ಆಡಲು ಆಗಿದ್ದು ಆ ಚೆಂಡು ಬಂದ ಮೇಲೆ ಎಂಬುದನ್ನು ನಾವು ನೆನಪಿಡಬೇಕು. ನೀರಿಗೆ ತಡೆಯುವ ವಸ್ತುವೊಂದು ಸಿಕ್ಕಿದ್ದರಿಂದ ಆಟದ ಬಾಗಿಲೇ ಅಗಲವಾಯಿತು.

ಕ್ಲಬ್ಬಿನ ಕಥೆಯೂ ಹಾಗೆಯೇ. ಕೋಲು ಹಿಕರಿ ಮರದ್ದು, ಡ್ರೈವರಿನ ತಲೆ ಪರ್ಸಿಮನ್ ಮರದ್ದು, ಹಿಡಿಗೆ ಸುತ್ತಿದ್ದು ಚರ್ಮ. ಮೂರಕ್ಕೂ ತೇವ ಆಗುವುದಿಲ್ಲ. ಕೋಲು ಡೊಂಕಾಗುತ್ತಿತ್ತು, ತಲೆ ಉಬ್ಬುತ್ತಿತ್ತು, ಚರ್ಮ ಜಿಡ್ಡಾಗುತ್ತಿತ್ತು. ಎಣ್ಣೆ, ವಾರ್ನಿಷ್ ಹಚ್ಚಿ ಕಾಪಾಡಿಕೊಳ್ಳುವುದೇ ಒಂದು ಕಸುಬಾಗಿತ್ತು. ಉಕ್ಕಿನ ಕೋಲಿಗೆ ಆರ್ ಅಂಡ್ ಎ ಒಪ್ಪಿಗೆ ಕೊಟ್ಟಿದ್ದು 1929ರಲ್ಲಿ. ಟೇಲರ್‌ಮೇಡ್ ಕಂಪನಿಯ ಲೋಹದ ತಲೆಯ ಡ್ರೈವರ್ ಬಂದದ್ದು 1979ರಲ್ಲಿ. ಇಂದಿನ ಗ್ರಾಫೈಟ್ ಕೋಲಿಗೆ, ಟೈಟಾನಿಯಂ ತಲೆಗೆ ಮಳೆ ಏನೂ ಮಾಡದು. ಉಕ್ಕಿನ ಕೋಲಿಗೂ, ಮೇಲೆ ಲೇಪನವಿಲ್ಲದ ವೆಜ್‌ಗೂ ತುಕ್ಕು ಮಾತ್ರ ಇಂದಿಗೂ ತಪ್ಪಿಲ್ಲ. ಒದ್ದೆಯಾದ ಕ್ಲಬ್ಬುಗಳನ್ನು ಬ್ಯಾಗಿನಲ್ಲೇ ಬಿಟ್ಟು, ಬ್ಯಾಗನ್ನು ಕಾರಿನ ಡಿಕ್ಕಿಯಲ್ಲಿ ಮರೆತರೆ ವಾರದೊಳಗೆ ಗೆರೆಗಳ ಸಂದಿಯಲ್ಲಿ ಕೆಂಪು ಕಾಣಿಸಿಕೊಳ್ಳುತ್ತದೆ.

ಈಗ ಮಣ್ಣಿಗೆ ಬರೋಣ. ನನ್ನ ಮಟ್ಟಿಗೆ ಮಳೆಗಾಲದ ಗಾಲ್ಫಿನ ಹೃದಯ ಇರುವುದು ಇಲ್ಲಿ.

ಗಾಲ್ಫ್ ಹುಟ್ಟಿದ್ದು ಕಡಲ ಬದಿಯ ಮರಳು ದಿಬ್ಬಗಳ ಮೇಲೆ. ಸೇಂಟ್ ಆಂಡ್ರೂಸಿನ ಹಳೆಯ ಅಂಗಳದ ಅಡಿ ಮರಳಿದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಇಂಗಿ ನೆಲ ಗಟ್ಟಿಯಾಗುತ್ತದೆ, ಚೆಂಡು ಮತ್ತೆ ಓಡುತ್ತದೆ. ಬ್ರಿಟಿಷರು ಈ ಆಟವನ್ನು ನಮ್ಮ ದೇಶಕ್ಕೆ ತಂದಾಗ ಅವರ ಜೊತೆ ಆ ಮರಳು ಬರಲಿಲ್ಲ. 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ ಕ್ಲಬ್ಬುಗಳು ಹುಟ್ಟಿದವು. ಕಲ್ಕತ್ತೆಯದು ನದಿಯ ಮೆಕ್ಕಲು ಮಣ್ಣು, ಬೆಂಗಳೂರಿನದು ಕೆಂಪು ಮಣ್ಣು. ನೀರಿಲ್ಲದ ಊರುಗಳಲ್ಲಿ ಹಸಿರು ಹುಲ್ಲಿನ ಗ್ರೀನ್ ಬೆಳೆಸಲಾಗದೆ ಮರಳಿಗೆ ಎಣ್ಣೆ ಬೆರೆಸಿ ತಟ್ಟಿ, ಅದನ್ನು ಬ್ರೌನ್ ಎಂದು ಕರೆದು ಆಡಿದರು. ಎಣ್ಣೆ ಬೆರೆಸಿದ್ದು ಮರಳು ಗಾಳಿಗೆ ಹಾರದಂತೆ, ಮಳೆಗೆ ಕೊಚ್ಚಿಹೋಗದಂತೆ.

ಜಹೀರಾಬಾದಿನ ಮುರುಮಿನ ಮೇಲೆ ಒಂದು ಅಂಗಳ ಇದೆಯೆಂದು ಇಟ್ಟುಕೊಳ್ಳಿ. ಮಳೆ ಬಿದ್ದ ಮರುದಿನ ಅಲ್ಲಿ ಆಡಬಹುದು. ಮೇಲ್ಪದರ ಸ್ವಲ್ಪ ಮೆತ್ತಗಿದ್ದರೂ ಕ್ಲಬ್ ನೆಲಕ್ಕೆ ತಾಗಿದಾಗ ಅಡಿಯ ಗಟ್ಟಿತನ ಅದನ್ನು ಹೊರಕ್ಕೆ ತಳ್ಳುತ್ತದೆ. ಅದೇ ಅಂಗಳವನ್ನು ನಾರಾಯಣಖೇಡದ ಎರೆಯ ಮೇಲೆ ತಂದಿಡಿ. ಚೆಂಡಿಗಿಂತ ಅರ್ಧ ಅಂಗುಲ ಹಿಂದೆ ನೆಲಕ್ಕೆ ತಾಗಿದರೂ ಸಾಕು, ಕ್ಲಬ್ ಮಣ್ಣಿನೊಳಗೆ ಹೂತುಹೋಗಿ, ಗಾಲ್ಫ್‌ನವರು ಫ್ಯಾಟ್ ಅನ್ನುವ ಹೊಡೆತ ಆಗುತ್ತದೆ. ಚೆಂಡು ಹತ್ತು ಮಾರು ದೂರವೂ ಹೋಗದು. ಒಣ ನೆಲ ಸಣ್ಣ ತಪ್ಪನ್ನು ಕ್ಷಮಿಸುತ್ತದೆ, ಒದ್ದೆ ಎರೆ ಕ್ಷಮಿಸುವುದಿಲ್ಲ. ಈ ಮಣ್ಣಿನ ಜೇಡಿ ಕಣಗಳು ಪದರ ಪದರವಾಗಿದ್ದು, ಆ ಪದರಗಳ ಸಂದಿಗೆ ನೀರು ಹೊಕ್ಕು ಅಗಲವಾಗುತ್ತವೆ. ಉಬ್ಬುವುದೂ ಅಂಟುವುದೂ ಅದರಿಂದಲೇ. ತಾಂಡೂರಿನಲ್ಲಿ ಮಣ್ಣು ತೆಳುವಾದಲ್ಲಿ ಅಡಿಯ ಕಲ್ಲಿನ ಹಾಸು ನೀರನ್ನು ಕೆಳಗೆ ಬಿಡದೆ ಮೇಲೆಯೇ ನಿಲ್ಲಿಸಿಕೊಳ್ಳುತ್ತದೆ. ಇಂಥ ನೆಲಗಳಲ್ಲಿ ಅಂಗಳ ಕಟ್ಟುವವರು ಮೊದಲು ನೀರಿಗೆ ದಾರಿ ಮಾಡಬೇಕು. ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ ಗ್ರೀನ್ ಕಟ್ಟುವ ವಿಧಾನದ ತಿರುಳೂ ಅದೇ: ಕೆಳಗೆ ಕೊಳವೆ, ಅದರ ಮೇಲೆ ಸುಮಾರು 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ ಸುಮಾರು 30 ಸೆಂಟಿಮೀಟರ್ ಮರಳಿನ ಪದರ, ಆಮೇಲೆ ಹುಲ್ಲು. ಬೇರಿನ ಬುಡಕ್ಕೆ ತೇವ ಉಳಿಯಬೇಕು, ಹೆಚ್ಚಾದದ್ದು ಹರಿದುಹೋಗಬೇಕು.

ಮೆತ್ತನೆಯ ನೆಲಕ್ಕೆ ತಕ್ಕಂತೆ ಕ್ಲಬ್ಬಿನ ತಳವನ್ನೂ ಮಾಡಿರುತ್ತಾರೆ. ವೆಜ್‌ನ ಅಡಿಭಾಗ ದುಂಡಗೆ, ಹಿಂಬದಿ ಸ್ವಲ್ಪ ಕೆಳಗೆ ಇಳಿದಂತೆ ಇರುತ್ತದೆ. ಆ ಕೋನಕ್ಕೆ ಬೌನ್ಸ್ ಎಂದು ಹೆಸರು. ಬೌನ್ಸ್ ಹೆಚ್ಚಿರುವ ಕ್ಲಬ್ ಕೆಸರಿನಲ್ಲಿ ಹೂತುಹೋಗದೆ ತೇಲಿಕೊಂಡು ಬರುತ್ತದೆ. ಹಾಗೆಂದು ಅದನ್ನೇ ಬಂಕರ್ ಎಂಬ ಮರಳುಗುಂಡಿಗೂ ಹಿಡಿದುಕೊಂಡು ಹೋದರೆ ಕೆಲಸ ಕೆಡುತ್ತದೆ. ನೆನೆದ ಮರಳು ಸಡಿಲವಾಗಿರುವುದಿಲ್ಲ, ಗಡಸಾಗಿರುತ್ತದೆ. ಹೆಚ್ಚು ಬೌನ್ಸಿನ ಕ್ಲಬ್ ಅಲ್ಲಿ ನೆಗೆದು ಚೆಂಡಿನ ನಡುವಿಗೇ ಬಡಿಯುತ್ತದೆ. ಅಲ್ಲಿ ಬೌನ್ಸ್ ಕಡಿಮೆ ಇರುವ, ಮುಖ ಹೆಚ್ಚು ತೆರೆಯದ ಹೊಡೆತ ಬೇಕು. ಒಂದೇ ಮಳೆಗೆ ಹುಲ್ಲುನೆಲ ಮೆತ್ತಗಾಗುತ್ತದೆ, ಮರಳುಗುಂಡಿ ಗಟ್ಟಿಯಾಗುತ್ತದೆ ಎಂಬುದನ್ನು ಹೊಸದಾಗಿ ಆಡುವವರಿಗೆ ಯಾರಾದರೂ ಮೊದಲ ದಿನವೇ ಹೇಳಿಕೊಡಬೇಕು.

ಮಳೆಯ ನ್ಯಾಯಕ್ಕೆಂದೇ ನಿಯಮಪುಸ್ತಕದಲ್ಲಿ ಜಾಗವಿದೆ. ನಿಂತಾಗ ಕಾಲಬದಿಯಲ್ಲಿ ನೀರು ಮೇಲೆ ಕಾಣುತ್ತಿದ್ದರೆ ಅದು ತಾತ್ಕಾಲಿಕ ನೀರು. ದಂಡವಿಲ್ಲದೆ ಚೆಂಡನ್ನೆತ್ತಿ, ಹೋಲಿಗೆ ಹತ್ತಿರವಾಗದಂತೆ ಒಣ ಜಾಗಕ್ಕೆ ಬಿಡಬಹುದು. ಪಾದ ಒತ್ತಿ ಒತ್ತಿ ನೀರು ಜಿನುಗಿಸಿದರೆ ಲೆಕ್ಕಕ್ಕಿಲ್ಲ, ಇಬ್ಬನಿಯೂ ಲೆಕ್ಕಕ್ಕಿಲ್ಲ. ಚೆಂಡು ತಾನು ಬಿದ್ದು ಮಾಡಿದ ಗುಂಡಿಯಲ್ಲೇ ಹೂತಿದ್ದರೆ ಅದಕ್ಕೂ ಬಿಡುಗಡೆ ಇದೆ. ಚೆಂಡಿಗೆ ಮೆತ್ತಿದ ಮಣ್ಣಿಗೆ ಮಾತ್ರ ಇಲ್ಲ. ಗ್ರೀನ್ ಮೇಲೆ ಯಾವಾಗ ಬೇಕಾದರೂ ಗುರುತಿಟ್ಟು ಎತ್ತಿ ಒರೆಸಬಹುದು. ಫೇರ್‌ವೇಯಲ್ಲಿ, ಸ್ಪರ್ಧೆ ನಡೆಸುವವರು ಎತ್ತಿ ಒರೆಸಿ ಇಡಲು ಸ್ಥಳೀಯ ನಿಯಮ ತಂದ ದಿನ ಬಿಟ್ಟರೆ, ಮಣ್ಣಿನ ಸಮೇತ ಹೊಡೆಯಬೇಕು. ಬಲಗಡೆ ಮಣ್ಣು ಮೆತ್ತಿದ ಚೆಂಡು ಎಡಕ್ಕೆ, ಎಡಗಡೆ ಮೆತ್ತಿದ್ದು ಬಲಕ್ಕೆ ಸರಿಯುತ್ತದೆ ಎಂಬ ಲೆಕ್ಕದಲ್ಲಿ ಅನುಭವಿಗಳು ಗುರಿ ಇಡುತ್ತಾರೆ. ಎರೆಮಣ್ಣಿನ ನೆಲದಲ್ಲಿ ಈ ಸ್ಥಳೀಯ ನಿಯಮ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರಿಯಲ್ಲಿದ್ದರೂ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ.

ನೆಲ ಮೆತ್ತಗಾದರೆ ಚೆಂಡು ಬಿದ್ದ ಮೇಲೆ ಓಡುವುದಿಲ್ಲ. ಗಾಳಿಯಲ್ಲೇ ದೂರ ಕ್ರಮಿಸುವ ಬಲಶಾಲಿಗಳಿಗೆ ಅದರಿಂದ ಅಷ್ಟು ನಷ್ಟವಿಲ್ಲ. ತಗ್ಗಾಗಿ ಹೊಡೆದು ಉರುಳಿಸಿ ದೂರ ಗಳಿಸುವವರಿಗೆ ಮಳೆ ಬಹಳ ಕಷ್ಟ. ಬೆಂಗಳೂರಿನ ಆಟಗಾರ್ತಿ ಅದಿತಿ ಅಶೋಕ್ ಅವರ ಆಟವನ್ನು ನೋಡುವಾಗ ಈ ಮಾತು ಮನಸ್ಸಿನಲ್ಲಿರಬೇಕು.

ಅದಿತಿ ದೂರ ಹೊಡೆಯುವವರ ಸಾಲಿನವರಲ್ಲ. 2021ರ ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ ಕೋವಿಡ್ ತಗುಲಿ ಮೈಯ ಬಲವೂ ತಗ್ಗಿತ್ತು, ಟೀ ಹೊಡೆತದ ದೂರವೂ ತಗ್ಗಿತ್ತು. ವಿಶ್ವ ಶ್ರೇಯಾಂಕದಲ್ಲಿ ಆಗ ಅವರು ಇದ್ದದ್ದು 200ರಲ್ಲಿ. ಬ್ಯಾಗ್ ಹೊತ್ತ ಕ್ಯಾಡಿ ಅವರ ತಾಯಿ. ಕಸುಮಿಗಸೆಕಿ ಕಂಟ್ರಿ ಕ್ಲಬ್ಬಿನಲ್ಲಿ ಮೊದಲ ಮೂರು ಸುತ್ತುಗಳಲ್ಲಿ 67, 66, 68 ಹೊಡೆದು ಅವರೊಬ್ಬರೇ ಎರಡನೇ ಸ್ಥಾನದಲ್ಲಿದ್ದರು. ಆಗ ಬಿರುಗಾಳಿಯ ಮುನ್ಸೂಚನೆ ಬಂತು. ನಾಲ್ಕನೇ ಸುತ್ತು ಮುಗಿಸಲು ಆಗದಿದ್ದರೆ 54 ಹೋಲ್‌ಗಳ ಲೆಕ್ಕದಲ್ಲೇ ಪದಕ ಕೊಡಬೇಕಾಗಬಹುದು ಎಂಬ ಮಾತು ಹೊರಬಿತ್ತು. ಹಾಗಾಗಿದ್ದರೆ ಭಾರತಕ್ಕೆ ಗಾಲ್ಫಿನ ಬೆಳ್ಳಿ.

ಆಗಸ್ಟ್ 7ರಂದು ನಮ್ಮ ದೇಶದಲ್ಲಿ ಎಷ್ಟೋ ಜನ ನಸುಕಿನಲ್ಲೇ ಎದ್ದು, ಬರ್ಡಿ ಎಂದರೇನು, ಪಾರ್ ಎಂದರೇನು ಎಂದು ಕೇಳಿಕೊಳ್ಳುತ್ತ ಟಿವಿ ಮುಂದೆ ಕೂತರು. ಬಿರುಗಾಳಿಯ ಭಯಕ್ಕೆ ಆಟವನ್ನು ಬೆಳಗ್ಗೆ ಬೇಗನೆ ಶುರು ಮಾಡಿದ್ದರು. ಕೊನೆಯ ಗುಂಪಿನಲ್ಲಿ ಅಮೆರಿಕದ ನೆಲ್ಲಿ ಕೊರ್ಡಾ, ನ್ಯೂಜಿಲೆಂಡಿನ ಲಿಡಿಯಾ ಕೊ ಜೊತೆ ಅದಿತಿ. ಎರಡು ಹೋಲ್ ಬಾಕಿ ಇರುವಾಗ ಗುಡುಗು ಮಳೆ ಬಂದು ಮುಕ್ಕಾಲು ಗಂಟೆಗೂ ಹೆಚ್ಚು ಆಟ ನಿಂತಿತು. ಮತ್ತೆ ಶುರುವಾಗುವಾಗ ಮೈ ತಣ್ಣಗಾಗಿರುತ್ತದೆ, ಗ್ರೀನ್ ಮೇಲಿನ ಹುಲ್ಲು ನೀರು ಹೀರಿಕೊಂಡು ಚೆಂಡು ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಮುಂಚಿನಷ್ಟು ತಿರುಗುವುದಿಲ್ಲ. ಹದಿನಾರು ಹೋಲ್‌ಗಳಲ್ಲಿ ಕಲಿತ ವೇಗದ ಅಂದಾಜನ್ನು ಕೊನೆಯ ಎರಡಕ್ಕೆ ಬದಲಿಸಿಕೊಳ್ಳಬೇಕು. ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟ್ಟರ್ ಕೈಯಲ್ಲಿದ್ದಾಗಲೇ ಹೆಚ್ಚು ಶಕ್ತಿಶಾಲಿಯಾದ ಆಟಗಾರ್ತಿಗೆ ಇದು ಸಣ್ಣ ಪರೀಕ್ಷೆಯಲ್ಲ. ಹದಿನೆಂಟನೆಯ ಹೋಲ್‌ನಲ್ಲಿ ಅದಿತಿಯ ಬರ್ಡಿ, ಅಂದರೆ ನಿಗದಿತ ಲೆಕ್ಕಕ್ಕಿಂತ ಒಂದು ಹೊಡೆತ ಕಡಿಮೆಯಲ್ಲಿ ಮುಗಿಸುವ, ಪಟ್ ತಪ್ಪಿತು. ಆ ಸುತ್ತು 68. ಒಟ್ಟು 269, ಪಾರ್ ಎಂಬ ಆ ನಿಗದಿತ ಲೆಕ್ಕಕ್ಕಿಂತ 15 ಕಡಿಮೆ. ಕೊರ್ಡಾ 17 ಕಡಿಮೆಯಲ್ಲಿ ಚಿನ್ನ ಗೆದ್ದರು. 16 ಕಡಿಮೆಯಲ್ಲಿ ಸಮ ಬಂದ ಜಪಾನಿನ ಮೊನೆ ಇನಾಮಿ ಹಾಗೂ ಲಿಡಿಯಾ ಕೊ ಪ್ಲೇಆಫ್ ಆಡಿ ಬೆಳ್ಳಿ, ಕಂಚು ಹಂಚಿಕೊಂಡರು. ಅದಿತಿಗೆ ಒಂದೇ ಹೊಡೆತದ ಅಂತರದಲ್ಲಿ ನಾಲ್ಕನೇ ಸ್ಥಾನ.

ಮಳೆ ಬೇಗ ಬಂದಿದ್ದರೆ ಪದಕ ಬರುತ್ತಿತ್ತು ಎಂದು ಅವತ್ತು ಅನೇಕರು ಹಳಹಳಿಸಿದರು. ನನಗೆ ಹಾಗನ್ನಿಸಲಿಲ್ಲ. ನೆಲ ಮೆತ್ತಗಾದಷ್ಟೂ ತನ್ನ ಆಟಕ್ಕೆ ತೊಡಕಾಗುವ ಅಂಗಳದಲ್ಲಿ, ಜಗತ್ತಿನ ಮೊದಲ ಶ್ರೇಯಾಂಕದ ಆಟಗಾರ್ತಿಯ ಪಕ್ಕದಲ್ಲಿ ನಿಂತು, ಗಿಡ್ಡ ಹೊಡೆತ ಮತ್ತು ಪಟ್ಟರಿನ ಬಲದಿಂದಲೇ 72 ಹೋಲ್‌ಗಳನ್ನೂ ಮುಗಿಸಿದ ಆ ನಾಲ್ಕನೇ ಸ್ಥಾನಕ್ಕೆ ಮಳೆ ದಯಪಾಲಿಸುವ ಬೆಳ್ಳಿಗಿಂತ ಹೆಚ್ಚು ತೂಕವಿದೆ. ಕನ್ನಡ ನಾಡಿನ ಹಳ್ಳಿಗಳಲ್ಲೂ ಗಾಲ್ಫ್ ಎಂಬ ಶಬ್ದ ಮೊದಲ ಸಲ ಕಟ್ಟೆಯ ಮಾತಾಗಿದ್ದು ಆ ಬೆಳಗ್ಗೆ.

ಮಳೆಯಲ್ಲಿ ಆಡಲೇಬೇಕಾದವರು ಮಾಡಬೇಕಾದದ್ದು ತೀರ ಸರಳ. ಎಲ್ಲಕ್ಕಿಂತ ಮೊದಲು ಹಿಡಿ ಒಣಗಿರಬೇಕು. ಹಿಡಿ ಜಾರಿದರೆ ಕೈ ತಾನಾಗಿ ಬಿಗಿಯುತ್ತದೆ, ಬಿಗಿದ ಕೈ ಬೀಸನ್ನು ಕೆಡಿಸುತ್ತದೆ. ಚರ್ಮದ ಗ್ಲೌಸ್ ನೆನೆದರೆ ಜಾರುತ್ತದೆ. ನೆನೆದಷ್ಟೂ ಹಿಡಿತ ಹೆಚ್ಚುವ ಬಟ್ಟೆಯಿಂದ ಮಾಡಿದ ಮಳೆ ಗ್ಲೌಸ್‌ಗಳು ಈಗ ಸಿಗುತ್ತವೆ. ಟವೆಲು ಒಂದಕ್ಕಿಂತ ಹೆಚ್ಚು ಇರಲಿ, ಒಂದನ್ನು ಕೊಡೆಯ ಕಡ್ಡಿಗೆ ಒಳಗಡೆ ಸಿಕ್ಕಿಸಿಕೊಂಡರೆ ಅದು ಒಣಗಿಯೇ ಇರುತ್ತದೆ. ಪ್ರತಿ ಹೊಡೆತಕ್ಕೂ ಮುಂಚೆ ಕ್ಲಬ್ಬಿನ ಮುಖ ಒರೆಸಿ, ಗೆರೆಯಲ್ಲಿ ಸಿಕ್ಕ ಮಣ್ಣನ್ನು ಟೀ ತುದಿಯಿಂದ ಕೆದರಿ ತೆಗೆಯಿರಿ. ಫೇರ್‌ವೇಯಲ್ಲಿ ಒಂದು ನಂಬರ್ ದೊಡ್ಡ ಕ್ಲಬ್ ಹಿಡಿದು, ಹಿಡಿಯನ್ನು ಸ್ವಲ್ಪ ಕೆಳಗೆ ಹಿಡಿದು, ಮುಕ್ಕಾಲು ಬೀಸಿನಲ್ಲಿ ಮೊದಲು ಚೆಂಡಿಗೆ ತಾಗುವಂತೆ ಹೊಡೆಯಿರಿ. ಗ್ರೀನ್ ಮೇಲೆ ಧೈರ್ಯವಾಗಿ ಪಟ್ ಮಾಡಿ.

ಕೊಡೆ ಹಿಡಿಯುವ ವಿಷಯದಲ್ಲಿ ಒಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. ಹೊಡೆಯಲು ಸಿದ್ಧವಾಗುವವರೆಗೂ ಕ್ಯಾಡಿ ಆಟಗಾರನ ತಲೆಯ ಮೇಲೆ ಕೊಡೆ ಹಿಡಿಯಬಹುದು. ಹೊಡೆಯುವ ಗಳಿಗೆಯಲ್ಲಿ ಹಿಡಿಯುವಂತಿಲ್ಲ. ಹಿಡಿದರೆ ದಂಡ. ಮಳೆಯಲ್ಲಿ ಆಟಗಾರ ನೆನೆಯಲೇಬೇಕು, ಆಟದ ಧರ್ಮವೇ ಅದು. ಆದರೆ ಹದಿನೆಂಟು ಹೋಲ್‌ಗಳ ಉದ್ದಕ್ಕೂ ಹೆಚ್ಚು ನೆನೆಯುವವನು ಕ್ಯಾಡಿ. ಬ್ಯಾಗಿಗೆ ಒಂದು ಮಳೆಹೊದಿಕೆ, ಆಟಗಾರನಿಗೆ ಒಂದು ಕೊಡೆ, ಕ್ಯಾಡಿಗೆ ಏನೂ ಇಲ್ಲ ಎಂಬ ಪರಿಸ್ಥಿತಿ ಎಲ್ಲೇ ಇರಲಿ ನಾಚಿಕೆಗೇಡಿನದು. ಮಳೆಗಾಲ ಶುರುವಾಗುವ ಮುಂಚೆ ಪ್ರತಿ ಕ್ಲಬ್ಬೂ ತನ್ನ ಕ್ಯಾಡಿಗಳಿಗೆ ಒಳ್ಳೆಯ ರೇನ್‌ಕೋಟ್ ಕೊಡಬೇಕು. ಒಳ್ಳೆಯದು ಎಂದು ಒತ್ತಿ ಹೇಳುತ್ತಿದ್ದೇನೆ. ಅಮೆರಿಕ, ಯುರೋಪ್ ತಂಡಗಳ ನಡುವಿನ 2010ರ ರೈಡರ್ ಕಪ್‌ನಲ್ಲಿ, ವೇಲ್ಸ್‌ನ ಸೆಲ್ಟಿಕ್ ಮ್ಯಾನರ್ ಅಂಗಳದಲ್ಲಿ, ಅಮೆರಿಕ ತಂಡದ ದುಬಾರಿ ಮಳೆಯಂಗಿಗಳೇ ಮೊದಲ ದಿನ ನೀರು ಒಳಬಿಟ್ಟವು. ಅಂಗಳದ ಅಂಗಡಿಯಿಂದ ಬೇರೆ ಅಂಗಿ ಕೊಂಡು ತರಬೇಕಾಯಿತು. ಮಳೆಯಿಂದಾಗಿ ಆ ಸ್ಪರ್ಧೆ ಮೊದಲ ಸಲ ಸೋಮವಾರಕ್ಕೆ ಜಾರಿತು. ಯುರೋಪ್ 14½–13½ ಅಂತರದಲ್ಲಿ ಗೆದ್ದಿತು.

ಮಳೆಗೆ ಹೆದರಬೇಕಿಲ್ಲ. ಸಿಡಿಲಿಗೆ ಹೆದರಲೇಬೇಕು. ಬಯಲಿನಲ್ಲಿ ಲೋಹದ ಕೋಲು ಎತ್ತಿ ನಿಂತ ಮನುಷ್ಯನಿಗೆ, ಹತ್ತಿರದಲ್ಲಿ ಒಂದೊಂದೇ ಮರ ಇರುವ ಜಾಗದಲ್ಲಿ, ಅಪಾಯ ಎಷ್ಟೆಂದು ಹೇಳಬೇಕಾಗಿಲ್ಲ. 1975ರ ಜೂನ್ 27ರಂದು ಷಿಕಾಗೊ ಹತ್ತಿರದ ವೆಸ್ಟರ್ನ್ ಓಪನ್‌ನಲ್ಲಿ ಲೀ ಟ್ರೆವಿನೊ, ಜೆರಿ ಹರ್ಡ್, ಬಾಬಿ ನಿಕೋಲ್ಸ್ ಎಂಬ ಮೂವರು ಹೆಸರಾಂತ ಆಟಗಾರರಿಗೆ ಸಿಡಿಲು ತಾಗಿತು. ಜೀವ ಉಳಿಯಿತು, ಟ್ರೆವಿನೊಗೆ ಬೆನ್ನಿನ ಶಸ್ತ್ರಚಿಕಿತ್ಸೆ ಬೇಕಾಯಿತು. 1991ರ ಯುಎಸ್ ಓಪನ್‌ನಲ್ಲಿ ಮಳೆಗೆ ಮರದಡಿ ನಿಂತ ಪ್ರೇಕ್ಷಕರಿಗೆ ಸಿಡಿಲು ಬಡಿದು ಒಬ್ಬರು ಸತ್ತರು. ಈಗ ಅಪಾಯದ ಸೂಚನೆಯಾಗಿ ಸೈರನ್ನಿನ ಒಂದು ದೀರ್ಘ ಕೂಗು ಕೇಳಿದೊಡನೆ, ಬೀಸಲು ಎತ್ತಿದ ಕ್ಲಬ್ಬನ್ನೂ ಇಳಿಸಿ ಹೊರಡಬೇಕು. ಸೈರನ್ ಆಗದಿದ್ದರೂ ಸಿಡಿಲಿನ ಅಪಾಯ ಇದೆ ಎಂದು ಕಂಡರೆ ಆಟಗಾರ ತಾನೇ ಆಟ ನಿಲ್ಲಿಸಬಹುದು, ಅದಕ್ಕೆ ದಂಡವಿಲ್ಲ.

ನಮ್ಮ ಹೊಲಗಳಲ್ಲಿ ಸೈರನ್ ಇಲ್ಲ. ಮುಂಗಾರು ಕಾಲಿಡುವ ಹೊತ್ತಿನಲ್ಲಿ, ಮತ್ತೆ ಹಿಂಗಾರಿನ ಹೊತ್ತಿನಲ್ಲಿ, ಕುರಿ ಕಾಯುವವರು, ಬಿತ್ತನೆಗೆ ಹೋದ ಹೆಣ್ಣುಮಕ್ಕಳು ಮಳೆಗೆ ಮರದಡಿ ಸೇರಿ ಸಿಡಿಲಿಗೆ ಬಲಿಯಾಗುವ ಸುದ್ದಿ ಗಡಿಯ ಎರಡೂ ಬದಿಯಿಂದ ವರ್ಷ ವರ್ಷ ಬರುತ್ತದೆ. ಗಾಲ್ಫ್ ಅಂಗಳದಲ್ಲಿ ಪಾಲಿಸುವ ನಿಯಮ ನಮ್ಮ ಬಯಲಿಗೂ ಅಷ್ಟೇ ಸಲ್ಲುತ್ತದೆ. ಗುಡುಗು ಕೇಳಿದರೆ ಒಂಟಿ ಮರದಿಂದ, ತಂತಿ ಬೇಲಿಯಿಂದ, ಕೆರೆಯಂಚಿನಿಂದ ದೂರ ಸರಿದು ಪಕ್ಕಾ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಸೇರಿಕೊಳ್ಳಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತ ಸಿಡಿಲಿನ ಸಂಭವವಿದ್ದರೆ ಮುಂಚಿತವಾಗಿ ಎಚ್ಚರಿಸುತ್ತದೆ, ಅದಕ್ಕೆ ಹಣ ಕೊಡಬೇಕಿಲ್ಲ. ಅಂಗಳಕ್ಕೆ ಹೋಗುವವರೂ ಹೊಲಕ್ಕೆ ಹೋಗುವವರೂ ಈ ಮಳೆಗಾಲಕ್ಕೆ ಮುಂಚೆಯೇ ಅದನ್ನು ತಮ್ಮ ಮೊಬೈಲಿಗೆ ಹಾಕಿಕೊಳ್ಳಿ. ಮನೆಯ ಹಿರಿಯರಿಗೆ ಅದನ್ನು ನೋಡುವುದು ಹೇಗೆಂದು ಕಲಿಸಿಕೊಡಿ.